ಅಜ್ಜಿ ಎಸೆದ ಹುಣಸೆ ಬೀಜ

ನಮ್ಮ ವಂಶದಲ್ಲಿ ಮೊದಲ ಬಿ.ಎ. ನಾನು. ಅದೂ ಗಣಿತದಲ್ಲಿ. ಇದನ್ನು ಜಂಬದಿಂದಲೇ ಹೇಳುತ್ತೇನೆ. ಸಂಕೋಚಪಡುವಷ್ಟು ಸುಲಭವಾಗಿ ಅದು ಬಂದದ್ದಲ್ಲ. ಬಂಗಾರಪೇಟೆಯಲ್ಲಿ ಮೇಷ್ಟರಾದ ಮೇಲೆ, ನನಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಇದ್ದೀತು, ಕ್ಯಾಸಂಬಳ್ಳಿ ಪಕ್ಕದ ನಮ್ಮ ಹಳ್ಳಿಯಲ್ಲಂತೂ ಇರಲಾರದು ಎಂದು ನಂಬಿದ್ದೆ. ಒಂದು ಹುಣಸೆ ಬೀಜ ಆ ನಂಬಿಕೆಯನ್ನು ಕೆಡಿಸಿತು.

ಅಪ್ಪನಿಗೂ ಚಿಕ್ಕಪ್ಪನಿಗೂ ಭಾಗವಾಯಿತು. ಮನೆ, ದನ, ಪಾತ್ರೆ ಎಲ್ಲ ಮಾತಿನಲ್ಲೇ ಮುಗಿದವು. ಉಳಿದದ್ದು ಎರಡು ಹೊಲ: ಒಂದು ಬಾವಿ ಪಕ್ಕದ್ದು, ಇನ್ನೊಂದು ಬರೀ ಮಳೆ ನಂಬಿದ ದಿಬ್ಬದ್ದು. ಬಾವಿ ಹೊಲದ ಬದನೆಕಾಯಿ ತಲೆಹೊರೆಯಲ್ಲಿ ಚಿನ್ನದ ಗಣಿಯ ಸಂತೆಗೆ ಹೋಗಿ, ನನ್ನ ಕಾಲೇಜು ಓದಾಗಿತ್ತು. ಅಪ್ಪನಿಗೆ ಅದರ ಮೇಲೆ ಜೀವ. ಆ ಗಿಡಗಳಿಗೆ ಎತ್ತು ಕಟ್ಟಿ ಕಪಿಲೆ ಹೊಡೆದು ಬಾವಿಯ ನೀರೆತ್ತಿದವನು ಚಿಕ್ಕಪ್ಪ. ಅವನಿಗೂ ಜೀವ. ನಮ್ಮ ಮನೆಯಲ್ಲಿ ಇಂಥದ್ದಕ್ಕೊಂದು ಪದ್ಧತಿ ಉಂಟು. ಒಂದು ಕಡೆ ಕಲ್ಲಿಗೆ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜವನ್ನು ಮನೆಯ ಹಿರಿಯಳು ಎಸೆಯುತ್ತಾಳೆ. ಬಿದ್ದದ್ದನ್ನು ಎಲ್ಲರೂ ಒಪ್ಪುತ್ತಾರೆ. ಹಿಂದಿನ ಭಾಗ ನಾನು ಹುಟ್ಟುವ ಮೊದಲೇ ಆದದ್ದು, ಹಾಗಾಗಿ ನಾನು ಕಂಡಿರಲಿಲ್ಲ. ಅಜ್ಜಿ ಬೀಜ ಕೈಗೆ ತೆಗೆದುಕೊಂಡಳು.

ನಾನು ಸುಮ್ಮನಿರಬಹುದಿತ್ತು. "ಇದು ಎರಡು ಕಡೆಗೂ ಸಮನಾಗಿ ಬೀಳೋದಿಲ್ಲ, ನ್ಯಾಯವಲ್ಲ," ಎಂದುಬಿಟ್ಟೆ. ಮಾತಿಗೆ ಸಾಕ್ಷಿ ಬೇಕಲ್ಲ, ಜಗಲಿಯ ಮೇಲೆ ಕೂತು ನೂರು ಸಲ ಎಸೆದು ಗೆರೆ ಹಾಕಿದೆ. ಅರವತ್ತಕ್ಕೂ ಮೇಲೆ ಕಪ್ಪೇ.

"ನಿನ್ ಬಿಯ್ಯೆ ಮುಗೀತಾ, ಇನ್ನೂ ಐತಾ?" ಎಂದ ಚಿಕ್ಕಪ್ಪ.

ಇನ್ನೂ ಇತ್ತು. ಅಟ್ಟದಿಂದ ಪಗಡೆಯ ದಾಳ ಇಳಿಸಿದೆ. ಬೆರಳುದ್ದ, ನಾಲ್ಕು ಮುಖ. ಅಂಗೈಗಳ ನಡುವೆ ಹೊಸೆದು ಉರುಳಿಸಬೇಕು. ಅಳೆದರೆ ಎರಡು ಮುಖ ಕೊಂಚ ಅಗಲ. ಮಾಡಿದ ಬಡಗಿ ಯಾವಾಗಲೋ ತೀರಿಕೊಂಡಿದ್ದ, ಜಗಳಕ್ಕೂ ಸಿಗುವ ಹಾಗಿರಲಿಲ್ಲ. ಮರುವಾರ ಚಾಂಪಿಯನ್ ರೀಫ್ಸ್ ಗಣಿಯ ಗೆಳೆಯನಿಂದ ಇಂಗ್ಲಿಷ್ ದೊರೆಗಳು ಆಡುವ ಆರು ಮುಖದ ದಾಳ ತಂದೆ. ಇದನ್ನು ಬಟ್ಟಲಲ್ಲಿ ಕುಲುಕಿ ಕವುಚಬೇಕು, ಕೈಚಳಕಕ್ಕೆ ಎಡೆಯೇ ಇಲ್ಲ ಎಂದು ವಿವರಿಸಿದೆ. ಒಂದು, ಎರಡು, ಮೂರು ಅಪ್ಪನಿಗೆ, ಉಳಿದದ್ದು ಚಿಕ್ಕಪ್ಪನಿಗೆ.

"ಲೇ, ದೊಡ್ಡೋನು ನಾನು. ಸಣ್ಣ ಲೆಕ್ಕ ನಂಗ್ಯಾಕ್ಲಾ?" ಎಂದ ಅಪ್ಪ.

ಚಿಕ್ಕಪ್ಪ ದಾಳವನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. "ಆರು ಗುಳಿ ಕೊರ್ದಿರೋ ಕಡೆ ಅಗುರ, ಒಂದೇ ಗುಳಿ ಇರೋ ಕಡೆ ಭಾರ. ಇದೂ ಬೀಜದಂಗೇ ಅಲ್ವೇನ್ಲಾ?"

ಕಾಲೇಜಿನಲ್ಲಿ ನಾನು ಓದಿದ ದಾಳಗಳಿಗೆ ಗುಳಿಯೇ ಇರಲಿಲ್ಲ. ಪುಸ್ತಕದಲ್ಲಿ ಅವು ಹುಟ್ಟುವಾಗಲೇ ನ್ಯಾಯವಂತರಾಗಿ ಹುಟ್ಟುತ್ತಿದ್ದವು.

ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು: "ಬೀಜ ಸೊಟ್ಟ ಅಂತ ನಂಗೊತ್ತಿಲ್ವೇನ್ಲಾ? ಅದ್ಕೇ ಎಲ್ಡು ಸಲ ಎಸೆಯೋದು. ಎಲ್ಡೂ ಒಂದೇ ಬಣ್ಣ ಬಂದ್ರೆ ಲೆಕ್ಕಕ್ಕಿಲ್ಲ, ತಿರ್ಗಾ ಎಸೀಬೇಕು. ಕಪ್ಪು ಬಂದು ಬಿಳಿ ಬಂದ್ರೆ ದೊಡ್ಡೋನ್ದು. ಬಿಳಿ ಬಂದು ಕಪ್ಪು ಬಂದ್ರೆ ಚಿಕ್ಕೋನ್ದು. ಸೊಟ್ಟ ಇಬ್ರಿಗೂ ಒಂದೇ ಸೊಟ್ಟ. ನೀನು ಹೇಳೋಕೆ ಬಿಟ್ರೆ ತಾನೆ?"

ಸೊಟ್ಟ ಬೀಜವನ್ನು ಎರಡು ಸಲ ಎಸೆದರೆ ಸೊಟ್ಟ ಇಮ್ಮಡಿಯಾಗಬೇಡವೇ? ಸ್ಲೇಟು ಹಿಡಿದು ಒಳಗೆ ಹೋದೆ. ಕಪ್ಪು ಹೆಚ್ಚು, ಬಿಳಿ ಕಡಿಮೆ, ಸರಿ. ಆದರೆ ಎರಡು ಜೋಡಿಯಲ್ಲೂ ಇರುವುದು ಒಂದು ಕಪ್ಪು, ಒಂದು ಬಿಳಿ. ಹಿಂದುಮುಂದು ಮಾಡಿ ಗುಣಿಸಿದರೂ ಉತ್ತರ ಒಂದೇ. ಮೂರು ಸಲ ಅಳಿಸಿ ಬರೆದೆ. ಮೂರು ಸಲವೂ ಅಜ್ಜಿಯದೇ ಸರಿ.

ಹೊರಗೆ ಬಂದಾಗ ಅಜ್ಜಿ ಎಸೆಯುತ್ತಿದ್ದಳು. ಕಪ್ಪು, ಕಪ್ಪು. ಮತ್ತೆ ಕಪ್ಪು, ಕಪ್ಪು. ಆಮೇಲೆ ಬಿಳಿ. ಅಪ್ಪ ಮುಂದಕ್ಕೆ ಬಾಗಿದ. ಕಪ್ಪು.

ಬಾವಿ ಹೊಲ ಚಿಕ್ಕಪ್ಪನದಾಯಿತು. ಅಪ್ಪ ಬೀಜ ನೋಡಿದ, ಆಮೇಲೆ ನನ್ನನ್ನು ನೋಡಿದ. "ನೀನು ಓದ್ದೋನು. ಹೇಳು, ಇದು ನ್ಯಾಯಾನಾ?"

ಅಲ್ಲ ಎಂದಿದ್ದರೆ ಆ ಮನೆಯಲ್ಲಿ ನಂಬುವವರಿದ್ದರು. "ನ್ಯಾಯಾನೇ ಅಪ್ಪ," ಎಂದೆ. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ದಿಬ್ಬದ ಹೊಲದ ಕಡೆ ನಡೆದ.

ಹೀಗೆ, ಬಾವಿ ಹೊಲದಲ್ಲಿ ಬೆಳೆದ ಬಿ.ಎ., ಆ ಹೊಲ ಕೈಬಿಟ್ಟದ್ದು ಸರಿ ಎಂದು ರುಜು ಹಾಕಿತು. ಈಗ ಈ ಎರಡು ಎಸೆತದ ಲೆಕ್ಕವನ್ನು ತರಗತಿಯಲ್ಲಿ ಪಾಠ ಮಾಡುತ್ತೇನೆ, ಅಜ್ಜಿಯ ಹೆಸರು ಮಾತ್ರ ಹೇಳುವುದಿಲ್ಲ. ಅರ್ಥವಾಯಿತೇ ಎಂದರೆ ಹುಡುಗರೆಲ್ಲ ತಲೆಯಾಡಿಸುತ್ತಾರೆ. ಅವರ ಜೊತೆ ನಾನೂ ಆಡಿಸುತ್ತೇನೆ.