ಟ್ರೇಲರ್ ಡಾಕ್ಟರ ಮೀಸೆ

ಡಾಕ್ಟರ್ ಸದಾನಂದರಿಗೆ ದೇವರು ಕೊಟ್ಟ ವರಗಳು ಎರಡು. ಒಂದು, ಮೂಗಿನ ಕೆಳಗೆ ಹುಲುಸಾಗಿ ಬೆಳೆದ ಮೀಸೆ. ಇನ್ನೊಂದು, ಎರಡು ನಿಮಿಷದ ಟ್ರೇಲರ್ ನೋಡಿ ಇಡೀ ಸಿನಿಮಾದ ಕತೆ ಹೇಳಿಬಿಡುವ ದಿವ್ಯದೃಷ್ಟಿ. (ಮೂರನೆಯದಾಗಿ ತಮ್ಮನ್ನೂ ಸೇರಿಸಬೇಕೆಂದು ಪತ್ನಿ ದೇವಕಿಯವರ ಒತ್ತಾಯ, ಅದು ವರವೋ ಅಗ್ನಿಪರೀಕ್ಷೆಯೋ ಇನ್ನೂ ತೀರ್ಮಾನವಾಗಿಲ್ಲ.) ಮಣಿಪಾಲದಲ್ಲಿ ಓದಿ ಬಂದು ಕೌಲಾಲಂಪುರದ ಮೆಡಿಕಲ್ ಕಾಲೇಜಿನಲ್ಲಿ ಎಕ್ಸ್‌ರೇ ನೋಡುವುದನ್ನು ಕಲಿಸುವ ಮೇಷ್ಟ್ರು ಅವರು. "ಎಕ್ಸ್‌ರೇ ನೋಡಿ ಒಳಗಿನ ರೋಗ ಹೇಳ್ತೇನೆ, ಟ್ರೇಲರ್ ನೋಡಿ ಕತೆ ಹೇಳ್ಲಿಕ್ಕೆ ಎಂತ ಕಷ್ಟ ಮಾರಾಯ್ರೆ?" ಎನ್ನುವುದು ಅವರ ಪಲ್ಲವಿ.

ಟ್ರೇಲರ್ ವಿಷಯದಲ್ಲಿ ಅವರದು ಭಾರೀ ನಿಷ್ಠೆ. ಹೋದ ವರ್ಷ ಒಂದು ಟ್ರೇಲರ್‌ನಲ್ಲಿ ಆನೆ ತೋರಿಸಿ ಚಿತ್ರದಲ್ಲಿ ಆನೆಯ ಬಾಲವನ್ನೂ ತೋರಿಸದಿದ್ದಾಗ, "ಟ್ರೇಲರ್‌ನಲ್ಲಿ ತೋರಿಸಿದ್ದನ್ನು ಕೊಡದಿರುವುದು ಪ್ರೇಕ್ಷಕನಿಗೆ ಬಗೆದ ದ್ರೋಹ" ಎಂದು ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಬರೆದು ಸೈ ಎನಿಸಿಕೊಂಡಿದ್ದರು.

ಇಲ್ಲಿ ಕನ್ನಡ ಚಿತ್ರ ತಾನಾಗಿ ಬರುವುದಿಲ್ಲ, ಕರೆಸಿಕೊಳ್ಳಬೇಕು. ಕೂಟದವರು ಮೊದಲೇ ಹಾಲ್ ತುಂಬಿಸಿಕೊಟ್ಟರೆ ಭಾನುವಾರ ಒಂದೇ ಒಂದು ಆಟ. ಇಲ್ಲವಾದರೆ ಅದೂ ಇಲ್ಲ. ಈ ಸಲ 'ಏಳನೇ ಲಂಗರು' ಬರುವುದಿತ್ತು. ಹಾಲ್ ತುಂಬಿಸುವ ಹೊಣೆಯನ್ನು ಸದಾನಂದರು ಎದೆ ತಟ್ಟಿ ಹೊತ್ತುಕೊಂಡರು. ಹೊತ್ತುಕೊಂಡು ಮಾಡಿದ್ದೇನು? ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ ಕತೆ ಹೇಳಿದರು.

ಗುರುವಾರ ಕೂಟದ ಕಾರ್ಯದರ್ಶಿ, ಧಾರವಾಡದ ಉಮಾನಾಥರು ಪುಚೊಂಗ್‌ನ ಇವರ ಮನೆಗೇ ಬಂದು ಸೋಫಾದ ಮೇಲೆ ಕುಸಿದರು. "ಡಾಕ್ಟ್ರ, ಅರ್ಧ ಹಾಲ್ ಖಾಲಿ ಅದರೀ. ಮಾಂಟ್ ಕಿಯಾರಾದ ಮಂದಿ ಏನಂತಾರ ಗೊತ್ತೈತೇನ್ರಿ? ಕತಿ ಪೂರಾ ಡಾಕ್ಟ್ರು ಹೇಳ್ಯಾರ, ಮತ್ಯಾಕ ಹೋಗೂದು ಅಂತಾರ. ನಾಳೆ ಸಂಜಿ ಒಳಗ ತುಂಬಲಿಲ್ಲಂದ್ರ ಆಟ ಕ್ಯಾನ್ಸಲ್!"

"ಕೇಳಿತಾ? ನಿಮ್ಮ ಬಾಯಿಗೊಂದು ಬೀಗ ಹಾಕಿ ಅಂತ ಬಡ್ಕೊಂಡೆ!" ಎಂದರು ದೇವಕಿ.

"ನಾನು ಹೇಳಿದ್ದು ಸುಳ್ಳಾ? ಆ ಹೀರೋನ ಅಣ್ಣ ಟ್ರೇಲರ್‌ನಲ್ಲಿ ಎಲ್ಲರಿಗೂ ಗಂಜಿ ಬಡಿಸ್ತಾನೆ. ಅಷ್ಟು ಒಳ್ಳೆಯವ ವಿಲನ್ ಆಗದೆ ಇನ್ನೆಂತ ಆಗ್ತಾನೆ? ಅಣ್ಣನೇ ವಿಲನ್! ತಪ್ಪಿದ್ರೆ ಈ ಮೀಸೆ ಬೋಳಿಸ್ತೇನೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂಲೆಯಲ್ಲಿ ಮಗಳು ಸಮೀಕ್ಷಾಳ ಮೊಬೈಲ್ ಕಣ್ಣು ಬಿಟ್ಟುಕೊಂಡು ಕೂತಿತ್ತು.

ಮರುದಿನ ಮಧ್ಯಾಹ್ನ ಸದಾನಂದರು ವಾಟ್ಸಾಪ್ ತೆರೆದರೆ ಅಲ್ಲಿ ಅವರದೇ ಟ್ರೇಲರ್! ಧಡಾರೆಂದು ನಗಾರಿ. 'ಒಂದು ಹಾಲ್. ಒಬ್ಬ ಡಾಕ್ಟರ್. ಒಂದು ಮೀಸೆ.' ಆಮೇಲೆ ಅವರ ಘರ್ಜನೆ. ಕೊನೆಗೆ ಮುಖದ ತುಂಬ ನೊರೆ, ಮೀಸೆಯತ್ತ ಏರುತ್ತಿರುವ ರೇಜರ್, ಕತ್ತಲೆ. 'ಈ ಭಾನುವಾರ.'

"ಇದು ಮೋಸ! ಬೆಳಿಗ್ಗೆ ನಾನು ಗಡ್ಡ ಬೋಳಿಸ್ತಾ ಇದ್ದದ್ದು!" ಮನೆಗೆ ಬಂದವರೇ ಕೂಗಾಡಿದರು.

"ಇಟ್ಸ್ ಎಡಿಟಿಂಗ್, ಪಪ್ಪಾ. ಟ್ರೇಲರ್ ಮಸ್ಟ್ ಹ್ಯಾವ್ ಸಸ್ಪೆನ್ಸ್ ಲಾ," ಎಂದಳು ಸಮೀಕ್ಷಾ.

"ಐಡಿಯಾ ನಂದೇ," ಎಂದರು ದೇವಕಿ, ಒಗ್ಗರಣೆಗೆ ಸಾಸಿವೆ ಹಾಕುತ್ತ. "ಹಾಲ್ ತುಂಬ್ತಾ ಇಲ್ವಾ ನೋಡಿ ಈಗ."

ತುಂಬಿತು! ಕತ್ತಲಾಗುವುದರೊಳಗೆ ಒಂದು ಸೀಟೂ ಉಳಿಯಲಿಲ್ಲ. ಭಾನುವಾರ ರೇಷ್ಮೆ ಸೀರೆಯವರು, ಹಾಸ್ಟೆಲ್ ಹುಡುಗರು, ಸಹೋದ್ಯೋಗಿ ಡಾಕ್ಟರರು ಎಲ್ಲರೂ ಬಂದರು. ಬಂದವರು ಸದಾನಂದರ ಮುಖ ನೋಡಲಿಲ್ಲ, ಮೀಸೆ ನೋಡಿ ನಮಸ್ಕಾರ ಮಾಡಿದರು.

ಚಿತ್ರ ಶುರುವಾಯಿತು. ಆ ಅಣ್ಣನೋ, ಧರ್ಮರಾಯನ ಅವತಾರ! ಬಡವರಿಗೆ ಗಂಜಿ, ಅನಾಥರಿಗೆ ಅಂಗಿ, ಕುಂಟ ನಾಯಿಗೆ ಬ್ಯಾಂಡೇಜು. ಇಂಟರ್‌ವಲ್ ಹೊತ್ತಿಗೆ ಅವನು ತಮ್ಮನಿಗಾಗಿ ಗುಂಡೇಟನ್ನೂ ತಿಂದ. ಜನ ಶಿಳ್ಳೆ ಹೊಡೆದರು, ತೆರೆಗಲ್ಲ, ಸದಾನಂದರಿಗೆ. ಏಸಿ ಹಾಲಿನಲ್ಲೂ ಅವರಿಗೆ ಬೆವರು ಕಿತ್ತುಕೊಂಡಿತು.

"ಒಮ್ಮೆ ಸರಿಯಾಗಿ ಸವರಿಕೊಳ್ಳಿ, ಮತ್ತೆ ಸಿಗುದಿಲ್ಲ," ಎಂದು ದೇವಕಿ ಪಕ್ಕದಿಂದ ಸಾಂತ್ವನ ಹೇಳಿದರು.

ಕೊನೆಯ ದೃಶ್ಯ. ದೋಣಿಯಲ್ಲಿ ಅಣ್ಣ, ತಮ್ಮ ಇಬ್ಬರೇ. ಅಣ್ಣ ಮೆಲ್ಲಗೆ ಕನ್ನಡಕ ತೆಗೆದ, ಮೆಲ್ಲಗೆ ನಕ್ಕ, ಮೆಲ್ಲಗೆ ಸೊಂಟದಿಂದ ಚೂರಿ ಎಳೆದ!

"ಹೇಳ್ಲಿಲ್ವಾ ನಾನು! ಹೇಳ್ಲಿಲ್ವಾ!" ಸದಾನಂದರು ಸೀಟಿನ ಮೇಲೆ ಎದ್ದು ನಿಂತು ಮೀಸೆ ತಿರುವಿದರು. ಏಳೇಳು ಲೋಕವನ್ನೂ ಗೆದ್ದಷ್ಟು ಖುಷಿ ಅವರಿಗೆ! ಆದರೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಹೊರಗೆ ಬಂದರೆ ಯಾರೂ ಮನೆಗೆ ಹೊರಡುವ ಲಕ್ಷಣವೇ ಇಲ್ಲ. ಉಮಾನಾಥರು ತಲೆ ಕೆರೆದುಕೊಳ್ಳುತ್ತ ಬಂದರು. "ಡಾಕ್ಟ್ರ, ಮಂದಿ ಭಾಳ ಸಿಟ್ಟಾಗ್ಯಾರ. ಪಿಕ್ಚರ್ ಛಲೋ ಐತಿ, ಆದ್ರ ಟ್ರೇಲರ್‌ನ್ಯಾಗ ತೋರಿಸಿದ್ದು ಎಲ್ಲೈತಿ ಅಂತ ಕೇಳಾಕತ್ಯಾರ."

"ಅದಕ್ಕೆ ನಾನೆಂತ ಮಾಡುದು? ನಾನು ಗೆದ್ದೆ ಮಾರಾಯ್ರೆ!"

"ಗೆದ್ದೀರಿ, ಖರೆ. ಆದ್ರ ಮುಂದಿನ ಪಿಕ್ಚರಿಗೆ ಯಾರೂ ಬರಂಗಿಲ್ಲ ಅಂತಾರ."

ದೇವಕಿ ಸೆರಗು ಸರಿಪಡಿಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು. "ಹೌದಲ್ವಾ, ಟ್ರೇಲರ್‌ನಲ್ಲಿ ತೋರಿಸಿದ್ದನ್ನು ಕೊಡದಿರುವುದು ಪ್ರೇಕ್ಷಕನಿಗೆ ಬಗೆದ ದ್ರೋಹ. ಹೀಗಂತ ಯಾವ ಮಹಾನುಭಾವರು ಬರೆದದ್ದು?"

ಎಲ್ಲರ ಕಣ್ಣೂ ಆ ಮಹಾನುಭಾವರ ಮೀಸೆಯ ಮೇಲೆ ನಿಂತವು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಉಂಟು. ಮೇಲೆಯೇ ಇರುವ ಜಟ್ಟಿಯ ಗತಿ ಏನೆಂದು ಯಾವ ಗಾದೆಯೂ ಹೇಳಿಲ್ಲ. ಸದಾನಂದರು ಒಂದು ನಿಟ್ಟುಸಿರು ಬಿಟ್ಟು, "ನಡೀರಿ," ಎಂದರು. ಆಗ ಬಿತ್ತು ನೋಡಿ ಚಪ್ಪಾಳೆ!

ಇಡೀ ಹಾಲ್ ಬ್ರಿಕ್‌ಫೀಲ್ಡ್ಸ್‌ನ ಸಲೂನಿನ ಮುಂದೆ ಜಮಾಯಿಸಿತು. ಪಕ್ಕದ ಮಾಮಕ್ ಹೋಟೆಲಿನಲ್ಲಿ ಟೀ ಮುಗಿದುಹೋಯಿತು. ಗಾಜಿನಾಚೆ ಉಮಾನಾಥರು ಆಗಲೇ ಮುಂದಿನ ಚಿತ್ರಕ್ಕೆ ಹೆಸರು ಬರೆದುಕೊಳ್ಳುತ್ತಿದ್ದರು. ಸಮೀಕ್ಷಾ ಮೊಬೈಲ್ ಎತ್ತಿ ಹಿಡಿದಿದ್ದಳು.

ತಮಿಳು ಕ್ಷೌರಿಕ ಹೊರಗಿನ ಜಾತ್ರೆ ನೋಡಿ, ನೊರೆ ಹಚ್ಚುತ್ತ, ಕನಿಕರದಿಂದ ಕೇಳಿದ. "ಏನು ಸಾರ್, ಪಂದ್ಯ ಸೋತಿರಾ?"

"ಇಲ್ಲಪ್ಪಾ," ಎಂದರು ಸದಾನಂದರು, ಕಣ್ಣು ಮುಚ್ಚಿಕೊಂಡು. "ಗೆದ್ದೆ."