ಉಪವಾಸ ಹಿಡಿದ ಕಾಮಕಸ್ತೂರಿ

ನನ್ನ ಆತ್ಯಾ, ಅಂದರೆ ಅಪ್ಪನ ಅಕ್ಕ, ಗಿಡಗಳಿಗೆ ಉಪವಾಸ ಮಾಡಿಸುತ್ತಾಳೆ. ನಗಬೇಡಿ! ನಮ್ಮ ಜೈನರ ದಶಲಕ್ಷಣ ಪರ್ವದ ಹತ್ತು ದಿನ ಬರೀ ನೀರಿನ ಮೇಲೆ ಇದ್ದು ಬಂದವಳು ಅವಳು. ಅವಳ ಕಾಟಕ್ಕೆ ಮನೆಮಂದಿಯೆಲ್ಲ ಒಂದೊಂದು ಹೊತ್ತಿನ ಊಟ ಬಿಟ್ಟವರೇ. ಮನುಷ್ಯರು ಮುಗಿದ ಮೇಲೆ ಗಿಡಗಳ ಸರದಿ ಬಂತು, ಅಷ್ಟೆ.

ಮೂಡಲಗಿ ಹತ್ತಿರದ ಅವಳ ಹೊಲ ಸವಳು ನೆಲ. ಕಾಲುವೆ ಬಂದ ಹೊಸದರಲ್ಲಿ ಹಿರಿಯರು ಕಬ್ಬಿಗೆ ನೀರು ಕುಡಿಸಿದ್ದೇ ಕುಡಿಸಿದ್ದು. ನೆಲದೊಳಗಿನ ಉಪ್ಪೆಲ್ಲ ಮೇಲೆದ್ದು ಬಂದು ಬೆಳ್ಳಗೆ ಕೂತುಬಿಟ್ಟಿತು. ಅಲ್ಲಿ ಆತ್ಯಾ ಕಾಮಕಸ್ತೂರಿ ಹಚ್ಚಿದಳು. ಹಚ್ಚುವ ಮೊದಲು ಮಣ್ಣು ಪರೀಕ್ಷೆ ಆಗಬೇಕಲ್ಲ? ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ನನಗೂ ಒಂದು ಚಿಟಿಕೆ ಕೊಟ್ಟಳು!

"ಹೆಂಗೈತಿ?"

"ಉಪ್ಪ ಐತಿ ಆತ್ಯಾ," ಎಂದೆ, ಉಗುಳುತ್ತ.

"ನೀ ಮಾಡೂ ಸಾರಿಗಿಂತ ಕಡಿಮಿ ಐತಿ. ಗಿಡ ಬದಕ್ತಾವ."

ಬಾಯಾರಿದ ಗಿಡದ ಎಲೆ ಸಣ್ಣದಾಗುತ್ತದೆ, ಎಣ್ಣೆ ಖಾರವಾಗುತ್ತದೆ ಎಂಬುದು ಅವಳ ಸಿದ್ಧಾಂತ. ಒಂದು ವರ್ಷ ಮಳೆ ಕೈಕೊಟ್ಟು, ಕಾಲುವೆಯೂ ಬತ್ತಿ, ಗಿಡಗಳು ಗೇಣುದ್ದಕ್ಕೇ ನಿಂತಾಗ ಇದನ್ನು ಕಂಡುಕೊಂಡಳು. ತಾಮ್ರದ ಹಂಡೆಯಲ್ಲಿ ಎಲೆ ಬೇಯಿಸಿ, ಹಬೆಯಿಂದ ಇಳಿಸಿದ ಎಣ್ಣೆ ಆ ಸಲ ಬಲು ಕಡಿಮೆ ಬಂತು. ಆದರೆ ಶೀಶೆಯ ಮುಚ್ಚಳ ತೆಗೆದರೆ ಮೂರನೇ ಮನೆಯ ಎಮ್ಮೆ ಸೀನುತ್ತಿತ್ತು! ಅದನ್ನು ಕುಸುಬೆ ಎಣ್ಣೆಗೆ ಬೆರೆಸಿ ಮಾಮಾನ, ಅಂದರೆ ಅವಳ ಗಂಡನ, ಹಿಡಿದುಕೊಂಡ ಮೊಣಕಾಲಿಗೆ ತಿಕ್ಕಿದಳು. ಅವರು ಕೋಲು ಬಿಟ್ಟು ಬಸದಿಯ ಮೆಟ್ಟಿಲು ಹತ್ತಿದರು. ಅಂದಿನಿಂದ ಪ್ರತಿ ಬೇಸಿಗೆ, ಕೊಯ್ಲಿನ ಮೊದಲು, ಗಿಡಗಳಿಗೆ ನೀರು ಬಂದ್.

ಆದರೆ ಬಾಯಾರಿಕೆಗೂ ಒಂದು ಅಳತೆ ಇದೆ. ಅದಕ್ಕೆ ಉಪ್ಪೂ ಸೇರಿದರೆ ಅಳತೆ ಇನ್ನೂ ಚಿಕ್ಕದು. ಹೋದ ವರ್ಷ ಒಂದೇ ಒಂದು ದಿನ ಹೆಚ್ಚು ಕಾದಳು. ಬೆಳಗ್ಗೆ ನೋಡಿದರೆ ನಾಲ್ಕು ಸಾಲು ಬೂದಿಬಣ್ಣಕ್ಕೆ ತಿರುಗಿ ನಿಂತಿದ್ದವು. ಎಣ್ಣೆಯೂ ಇಲ್ಲ, ವಾಸನೆಯೂ ಇಲ್ಲ, ಮುಟ್ಟಿದರೆ ಪುಡಿ. ಇರುವೆ ಕಂಡರೆ ಸುತ್ತು ಹಾಕಿ ನಡೆಯುವ ಹೆಂಗಸು! "ಕೈಯಾರೆ ಕೊಂದೆ," ಎಂದವಳು ವಾರಗಟ್ಟಲೆ ಯಾರೊಂದಿಗೂ ಮಾತಾಡಲಿಲ್ಲ.

ಈ ಬೇಸಿಗೆಯಲ್ಲಿ ಹುಕ್ಕೇರಿಯಲ್ಲಿ ಕೂತು ಮಕ್ಕಳ ಪೇಪರ್ ತಿದ್ದುತ್ತಿದ್ದೆ. ಮಾಮಾನ ಫೋನು ಬಂತು. ಅವರು ಮಾತಿಗೆ ಬಡವರು.

"ನಿಮ್ಮ ಆತ್ಯಾ ಗಿಡಕ್ಕ ನೀರ ಬಂದ್ ಮಾಡ್ಯಾಳ. ತಾನೂ ಕುಡಿಯಾಕತ್ತಿಲ್ಲ. ಎರಡ ದಿನ ಆತು. ಲಗೂನ ಬಾರವ್ವ."

ಗೋಕಾಕದಲ್ಲಿ ಬಸ್ಸು ಬದಲಿಸಿ, ನಡುಮಧ್ಯಾಹ್ನ ಹೊಲದ ದಾರಿಯಲ್ಲಿ ಇಳಿದೆ. ಗಾಳಿ ಇರಲಿಲ್ಲ. ಒಂದು ಕಾಗೆಯೂ ಇರಲಿಲ್ಲ. ಆದರೂ ಕಾಮಕಸ್ತೂರಿಯ ವಾಸನೆ ರಸ್ತೆಯವರೆಗೆ ಬಂದು ನಿಂತಿತ್ತು, ನನ್ನನ್ನು ಕರೆದೊಯ್ಯಲು ಯಾರೋ ಕಳಿಸಿದಂತೆ. ನಾನು ನಡೆದರೆ ಅದೂ ನಡೆಯಿತು, ನಿಂತರೆ ನಿಂತಿತು. ಕಾಲಿಟ್ಟಲ್ಲೆಲ್ಲ ಉಪ್ಪಿನ ಪದರು ಹಪ್ಪಳದಂತೆ ಮುರಿಯುತ್ತಿತ್ತು. ನಾನು ನಿಂತ ಮೇಲೂ ಹಿಂದೆ ಎಲ್ಲೋ ಚಟ್ಟೆಂದು ಮುರಿದ ಸದ್ದು! ತಿರುಗಿ ನೋಡಿದೆ. ಕಣ್ಣು ಹಾಯುವಷ್ಟು ದೂರವೂ ಬಿಳಿ ನೆಲವೇ, ಯಾರೂ ಇಲ್ಲ.

ಆತ್ಯಾ ಸಾಲುಗಳ ನಡುವೆ ನನಗೆ ಬೆನ್ನು ಹಾಕಿ ಕೂತಿದ್ದಳು. ತಿರುಗದೆಯೇ ಹೇಳಿದಳು:

"ನೀ ಬಂದಿ ಅಂತ ಆಗಳೇ ಹೇಳಿದ್ವು."

"ಯಾರು?"

"ಇವು."

ಚೀಲದಿಂದ ನೀರಿನ ಬಾಟಲಿ ತೆಗೆದೆ. ಮುಚ್ಚಳ ತಿರುಗಿಸಿದ್ದೇ ತಡ, ವಾಸನೆ ಒಮ್ಮೆಲೇ ದುಪ್ಪಟ್ಟಾಯಿತು. ಜೋತುಬಿದ್ದ ಎಲೆಗಳೆಲ್ಲ ನನ್ನ ಕೈಯ ಕಡೆಗೇ ತಿರುಗಿದ್ದವು. ಆಣೆ ಮಾಡಿ ಹೇಳುತ್ತೇನೆ!

"ಮುಚ್ಚ ಅದನ್ನ. ಅವು ನೋಡಾಕತ್ತಾವ," ಎಂದು ಆತ್ಯಾ ನನ್ನತ್ತ ತಿರುಗಿದಳು.

ಅಷ್ಟು ಹೊತ್ತೂ ಒಳಗೊಳಗೇ ನಗಲು ನೋಡುತ್ತಿದ್ದ ನನಗೆ ನಗು ಸತ್ತಿತು. ಅವಳ ತುಟಿ ಒಡೆದು ಅಂಚಿಗೆ ಬಿಳಿ ಗೆರೆ ಮೂಡಿತ್ತು. ಆ ನೆಲದ ಬಣ್ಣ ಅವಳಿಗೂ ಏರತೊಡಗಿತ್ತು.

"ಇದೇನ ಹುಚ್ಚ ಆತ್ಯಾ?"

"ಅವಕ್ಕ ಬಾಯಿಲ್ಲ. ಎಲ್ಲೀತನಕ ತಡೀತಾವ, ಎಲ್ಲಿ ಸಾಯ್ತಾವ, ನಾ ಹೆಂಗ ತಿಳಕೊಳ್ಳಿ? ನನ್ನ ಗಂಟಲ ಹೇಳತೈತಿ. ಅವು ಕುಡದ ಮ್ಯಾಲ ನಾ ಕುಡೀತೇನಿ."

"ಯಾವಾಗ ಕುಡಸ್ತಿ?"

"ಇನ್ನೊಂದ ದಿನ. ಎಣ್ಣಿ ಗಟ್ಟಿ ಆಗಬೇಕು. ಅವರ ಮೊಣಕಾಲ ಮತ್ತ ಹಿಡದಾವ."

ಇಷ್ಟು ಹೇಳಿ ಅವಳು ಪಕ್ಕಕ್ಕೆ ವಾಲಿದಳು. ಹಿಡಿದುಕೊಂಡೆ; ಮೈ ಕಾದ ಹಂಚಾಗಿತ್ತು. ಬಾಟಲಿಯನ್ನು ತುಟಿಗೆ ಹಿಡಿದರೆ ಹಲ್ಲು ಬಿಗಿದಳು. ಇವಳು ನನ್ನ ತೋಳಿನಲ್ಲೇ ಹೋಗಿಬಿಡುತ್ತಾಳೆ ಎನ್ನಿಸಿತು.

ಅಷ್ಟರಲ್ಲಿ ಮಾಮಾ ಬಂದರು. ಎರಡೂ ಕೈಯಲ್ಲಿ ಕೊಡ, ಮೊಣಕಾಲು ಮಡಚಲಾಗದ ನಡಿಗೆ. ಹೆಂಡತಿಗೆ ಕುಡಿ ಎನ್ನಲಿಲ್ಲ. ಮೊದಲ ಗಿಡದ ಬುಡಕ್ಕೆ ಸುರಿದರು. ಎರಡನೆಯದಕ್ಕೆ ಸುರಿದರು. ಒಂದು ಕೊಡ ಮುಗಿಯುವಷ್ಟರಲ್ಲಿ ಆ ಸಾಲು ತೊಯ್ದಿತ್ತು. ನೀರು ಮುಟ್ಟಿದ ನೆಲ ಸಣ್ಣಗೆ ಸುಂಯ್ ಎನ್ನುತ್ತಿತ್ತು.

"ಎಣ್ಣಿ ಕೆಡಸಿದ್ರಲ್ಲರಿ," ಎಂದಳು ಆತ್ಯಾ, ದನಿಯೇ ಹೊರಡದೆ. "ನಿಮ್ಮ ಕಾಲಿಗಂತ..."

"ಎಣ್ಣಿ ಇಲ್ಲಂದ್ರೂ ನಡೀತೈತಿ," ಎಂದರು ಮಾಮಾ. "ತಿಕ್ಕೂ ಕೈ ಬೇಕ ನನಗ."

ಅವರು ಹೆಂಡತಿಗೆ ಹೀಗೆ ಮನಸ್ಸು ಬಿಚ್ಚಿ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನನಗೆ ಅಳು ಬಂತು. ಮಾಮಾ ಹಲ್ಲು ಕಚ್ಚಿ ಮೊಣಕಾಲು ಮಡಚಿ ಅವಳೆದುರು ನೆಲಕ್ಕೆ ಕೂತರು. ಸೋಸದ ನೀರು ಅವಳ ವ್ರತಕ್ಕೆ ಸಲ್ಲದೆಂದು ಹೆಗಲ ಪಂಚೆಯನ್ನು ಇನ್ನೊಂದು ಕೊಡದ ಬಾಯಿಗೆ ಹಿಡಿದು, ಸೋಸುತ್ತ ನೀರು ಬಗ್ಗಿಸಿದರು. ಆತ್ಯಾ ತೊಯ್ದ ಸಾಲನ್ನೊಮ್ಮೆ ನೋಡಿದಳು, ಗಂಡನ ಮುಖ ನೋಡಿದಳು, ಬೊಗಸೆ ಒಡ್ಡಿದಳು.