ಅಣ್ಣ ಜಳಕಕ್ಕೆ ಹೋದಾಗ

ನಮ್ಮ ಸಂಸ್ಥೆಯ ಅಧ್ಯಕ್ಷರು ಆಫೀಸಿನ ಮೊಬೈಲ್ ಪರದೆ ಸರಿಸುವ ಮೊದಲು ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಳ್ಳುತ್ತಾರೆ. ಜೀವಮಾನವಿಡೀ ಕಡತದ ಹಾಳೆ ಮಗುಚಿದ ಕೈ. ಗಾಜಿಗೂ ಎಂಜಲು ಬೇಕೆಂದೇ ಅದು ನಂಬಿದೆ. ಆ ಫೋನ್ ಒರೆಸುವುದು, ಆಮೇಲೆ ಅದೇ ಫೋನಿನಿಂದ ಜಿಲ್ಲೆಯ ಹುಡುಗಿಯರನ್ನು ತಲುಪುವುದು ನನ್ನ ಕೆಲಸ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳಿಗೆ ಇದೆಲ್ಲ ತಾನಾಗಿಯೇ ಬರುತ್ತದೆ ಅಂತ ಹಾವೇರಿಯ ಆಫೀಸಿನಲ್ಲಿ ಎಲ್ಲರೂ ಸೇರಿ ತೀರ್ಮಾನಿಸಿದರು. ನಾನು ಸುಮ್ಮನಿದ್ದೆ, ಅದನ್ನು ಒಪ್ಪಿಗೆ ಅಂದುಕೊಂಡರು. ಹತ್ತನೇ ತರಗತಿ ಮುಗಿಸಿ ಮನೆಯಲ್ಲೇ ಉಳಿದ ಹುಡುಗಿಯರನ್ನು ಮತ್ತೆ ಕಾಲೇಜಿಗೆ ಸೇರಿಸಬೇಕು, ಇಷ್ಟೇ ನಮ್ಮ ಗುರಿ. ಇಷ್ಟರಲ್ಲೇ ವಾರಕ್ಕೊಂದು ಕೆಳಗಿನಂಥ ಪ್ರಸಂಗ ಆಗುತ್ತಲೇ ಇರುತ್ತದೆ.

ಮೊದಲ ಪೋಸ್ಟ್

ಜಾಲತಾಣದಲ್ಲಿ ಸಂಸ್ಥೆಯ ಪುಟ ಶುರುವಾದ ದಿನ ನಾನು ಕಾಲೇಜು ಸೇರಲು ಬೇಕಾದ ಕಾಗದಗಳ ಪಟ್ಟಿ ಮಾಡಿ ಒಯ್ದೆ. ಅಧ್ಯಕ್ಷ ಸರ್ ಕನ್ನಡಕ ಹಣೆಗೇರಿಸಿದರು.

"ಎಲ್ಲಾ ಬರೋಬ್ಬರಿ ಐತಿ. ಇದರಾಗ ನನ್ ಫೋಟೋ ಎಲ್ಲೈತಿ ತಂಗಿ?"

ಶಾಲು ಹೊದ್ದ ಫೋಟೋ ಸೇರಿಸಿದೆ. ಜಾಗ ಸಾಲಲಿಲ್ಲ, ಪಟ್ಟಿ ತೆಗೆಸಿದರು. ಸಂಜೆಯೊಳಗೆ ಮೊದಲ ಕಮೆಂಟ್ ಬಂತು, ಒಬ್ಬ ನಿವೃತ್ತ ಮಾಸ್ತರರಿಂದ: "ಶಾಲು ಭಾರಿ ಒಪ್ಪೇತ್ರಿ."

ಮೇಡ್ಲೇರಿ

ನಮ್ಮ ಪುಟ ನೋಡುವವರಲ್ಲಿ ಹುಡುಗಿಯರೇ ಇಲ್ಲವಲ್ಲ ಎಂದು ಮೇಡ್ಲೇರಿ ಹಳ್ಳಿಗೆ ಹೋದೆ. ಕಟ್ಟೆಯ ಮೇಲಿದ್ದ ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು.

"ಫೋನ್ ಅಣ್ಣನ ಕಿಸೇದಾಗ ಇರ್ತೈತ್ರಿ ಅಕ್ಕಾರ."

"ಮತ್ತ ನಿಮ್ಮ ಕೈಗೆ ಯಾವಾಗ ಸಿಗತೈತಿ?"

"ಅಂವ ಜಳಕಕ್ಕ ಹ್ವಾದಾಗ. ಮುಂಜಾನೆ ಏಳಕ್ಕ."

"ನಮ್ಮಣ್ಣ ಎರಡ ತಂಬಗಿ ಸುರಕೊಂಡ ಹೊರಗ ಬಂದಬಿಡ್ತಾನ್ರಿ," ಅಂದಳು ಇನ್ನೊಬ್ಬಳು ಸಂಕಟದಿಂದ. "ಇಕಿ ಅಣ್ಣ ಚಲೋ. ತಿಕ್ಕೊಂಡ ತಿಕ್ಕೊಂಡ ಜಳಕಾ ಮಾಡ್ತಾನ, ಇಕಿ ಅರ್ಧಾ ಸಿನಿಮಾ ನೋಡಿ ಮುಗಸ್ತಾಳ."

ಹುಡುಗಿಯರು ಬೆಳಿಗ್ಗೆ ಏಳಕ್ಕೆ ಮಾತ್ರ ಸಿಗುತ್ತಾರೆ ಎಂದು ವರದಿ ಬರೆದೆ. ಸರ್ ಮೆಚ್ಚಿ ಸಹಿ ಹಾಕಿದರು.

"ಚಲೋ ಹುಡುಕೀದಿ. ಆದ್ರ ಆಫೀಸ್ ತೆಗ್ಯೂದು ಹತ್ತೂವರಿಗೆ. ಅವರ ಅಣ್ಣಗೋಳಿಗೆ ಹತ್ತೂವರಿ ಮ್ಯಾಲೆ ಜಳಕಾ ಮಾಡಾಕ ಹೇಳಿಬಿಡು."

ಬ್ಯಾಡಗಿ

ಅಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದ ಹೆಂಗಸರ ನಡುವೆ ಒಬ್ಬ ಹುಡುಗಿ ಸಿಕ್ಕಳು. ಹತ್ತನೇ ತರಗತಿ ಪಾಸಾಗಿದ್ದಳು.

"ಈ ವರ್ಷ ಕಾಲೇಜಿಗೆ ಹೋಗಲಿಲ್ಲಂದ್ರ ಲಗ್ನಾ ಮಾಡಿಬಿಡ್ತಾರ್ರಿ. ಅವ್ವನ್ನ ಒಪ್ಪಿಸಿ ಮುಂಜಾನೆ ಏಳಕ್ಕ ನಿಮಗ ಮೆಸೇಜ್ ಹಾಕ್ತೇನಿ. ಆದ್ರ ನೀವು ಹೊತ್ತಲ್ಲದ ಹೊತ್ತಿನ್ಯಾಗ ಹಾಕಬ್ಯಾಡ್ರಿ. ಅಣ್ಣ ನೋಡಿದ್ರ ಕಾಲೇಜೂ ಇಲ್ಲ, ಏನೂ ಇಲ್ಲ."

ಆಫೀಸಿನ ಫೋನನ್ನು ಖಾರದ ಕೈಯಲ್ಲೇ ತೆಗೆದುಕೊಂಡು ನಮ್ಮ ಪುಟದ ಗುರುತು ನೋಡಿಕೊಂಡಳು. ಆಮೇಲೆ ಆ ಫೋನ್ ಹಿಡಿದ ಕೈಯಿಂದ ನಾನು ಕಣ್ಣುಜ್ಜಿಕೊಂಡೆ. ಜೊತೆಗಿದ್ದ ಸಿಬ್ಬಂದಿ ಫೋಟೋ ಹೊಡೆದರು. "ಹುಡುಗಿಯ ಕಷ್ಟ ಕೇಳಿ ಕಣ್ಣೀರಿಟ್ಟ ಕಾರ್ಯಕರ್ತೆ" ಎಂದು ಅದು ಪುಟದಲ್ಲಿ ಬಂತು. ಶಾಲಿಗಿಂತ ಹೆಚ್ಚು ಲೈಕು.

ಅದನ್ನು ನೋಡಲು ಸರ್ ಹೆಬ್ಬೆರಳು ನೆಕ್ಕಿ ಪರದೆ ಸರಿಸಿದರು. ಇನ್ನೊಮ್ಮೆ ನೆಕ್ಕಿದರು. ಮೂರನೆಯ ಸಲ ನೆಕ್ಕಲಿಲ್ಲ. ನೀರಿನ ಕೊಡದ ಕಡೆ ಓಡಿದರು. ಎರಡು ತಂಬಿಗೆ ಕುಡಿದು, ಕಣ್ಣೊರೆಸಿಕೊಂಡು ಆಜ್ಞೆ ಹೊರಡಿಸಿದರು.

"ಇನ್ಮ್ಯಾಗ ಈ ಫೋನ್ ಹೊರಗ ಹೋಗಂಗಿಲ್ಲ. ಸಂಜೀಕ ಕಪಾಟಿನ್ಯಾಗ ಇಟ್ಟ ಕೀಲಿ ಹಾಕೂದು."

ಏಳು ಗಂಟೆಗೆ ಉತ್ತರ ಕೊಡಲಿಕ್ಕೆಂದು ನಾನು ಅದನ್ನು ದಿನಾ ಮನೆಗೆ ಒಯ್ಯುತ್ತಿದ್ದೆ. ಅದನ್ನು ಹೇಳಬೇಕಿತ್ತು. "ಹೂಂ ಸರ್" ಅಂದೆ. ಪಕ್ಕದಲ್ಲಿ ಯಾರೋ ಅದಕ್ಕೂ ಒಂದು ಫೋಟೋ ತೆಗೆದರು.

ರಾಣೇಬೆನ್ನೂರು

ಕಾಲೇಜು ಸೇರಲು ಕಡೆಯ ದಿನ. ಹತ್ತೂವರೆಗೆ ಕಪಾಟು ತೆಗೆದರೆ ಏಳು ಗಂಟೆಗೆ ಬಂದ ಮೆಸೇಜು ಕಾದಿತ್ತು. ಬ್ಯಾಡಗಿಯ ಹುಡುಗಿ. ಈಗ ಉತ್ತರ ಹಾಕಿದರೆ ಓದುವವನು ಅವಳ ಅಣ್ಣ.

"ಸರ್, ನಾ ಬ್ಯಾಡಗಿಗೆ ಹೋಗಿ ಬರ್ಲ್ಯಾ?" ಅಂದೆ. ಸಾಕಷ್ಟು ಗಟ್ಟಿಯಾಗಿ ಅನ್ನಲಿಲ್ಲವೋ ಏನೋ. ಸರ್ ಆಗಲೇ ಮೆಸೇಜು ಓದಿ ಕುರ್ಚಿಯಿಂದ ಎದ್ದಿದ್ದರು.

"ನೋಡ್ ತಂಗಿ, ಹುಡುಗ್ಯಾರು ನಮ್ಮನ್ನ ಹೆಂಗ ಹುಡಿಕ್ಕೊಂಡ ಬರಾಕತ್ತಾರ! ಇದನ್ನ ದೊಡ್ಡದ ಮಾಡು. ಮಧ್ಯಾಹ್ನ ರಾಣೇಬೆನ್ನೂರಾಗ ಪರದೆ ಮ್ಯಾಲೆ ತೋರಸೂಣು. ಹೆಸರ ಮುಚ್ಚು ಮತ್ತ. ಹುಡುಗೀಗೆ ತೊಂದರೆ ಆಗಬಾರ್ದು."

ರಾಣೇಬೆನ್ನೂರಿನಲ್ಲಿ ಅವತ್ತು ನಮ್ಮಂಥ ಸಂಸ್ಥೆಗಳವರೆಲ್ಲ ಸೇರಿದ್ದರು. ವಿಷಯ: ಮೊಬೈಲ್ ಮೂಲಕ ಯುವಜನರನ್ನು ತಲುಪುವುದು ಹೇಗೆ. ಸರ್ ಶಾಲು ಹೊದ್ದು, ಹೆಬ್ಬೆರಳು ನೆಕ್ಕಿ, ಭಾಷಣದ ಹಾಳೆ ಮಗುಚಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಗುಂಡಿ ಒತ್ತಿದೆ. ಮೆಸೇಜು ಗೋಡೆಯೆತ್ತರ ಮೂಡಿತು. ಸಭೆ ಚಪ್ಪಾಳೆ ತಟ್ಟಿತು. ಒಬ್ಬರು ಎದ್ದು ನಿಂತೇ ತಟ್ಟಿದರು.

ಪ್ರಶ್ನೆಗಳಿದ್ದರೆ ಕೇಳಬಹುದು ಅಂದರು ನಿರೂಪಕರು. ಯಾರದೂ ಇರಲಿಲ್ಲ. ಎಲ್ಲರೂ ಚಹಾಕ್ಕೆ ಎದ್ದರು. ಪರದೆ ಆರಿಸುವುದು ನನ್ನ ಕೆಲಸ. ಖಾಲಿ ಕುರ್ಚಿಗಳ ಮುಂದೆ ಅದು ಇನ್ನೂ ಹಾಗೇ ಇತ್ತು:

"ಅಕ್ಕಾರ, ಅವ್ವ ಹೂಂ ಅಂದಾಳ್ರಿ. ಇವತ್ತ ಕಡೀ ದಿನ ಅಂತ. ಏನೇನ್ ಕಾಗದಾ ಒಯ್ಯಬೇಕ್ರಿ? ಅಣ್ಣ ಜಳಕಕ್ಕ ಹೋಗ್ಯಾನ. ಲಗೂ ಹೇಳ್ರಿ."